ಮಾಡೆಲ್ ಕಾರಿನ ಬಾಡಿ ಮೇಲೆ ಯಾವ ಬಣ್ಣ? ಸ್ಪ್ರೇ ಕ್ಯಾನ್, ಅಕ್ರಿಲಿಕ್, ಲ್ಯಾಕರ್ ಎಲ್ಲ ಹೊಡೆದು ನೋಡಿದ ಮೇಲೆ

ಮಾಡೆಲ್ ಕಾರಿನ ಎಂಜಿನ್ ಎಷ್ಟೇ ಚೆನ್ನಾಗಿ ಜೋಡಿಸಿ, ಸೀಟಿಗೆ ಬೆಲ್ಟ್ ಅಂಟಿಸಿ, ಡ್ಯಾಶ್‌ಬೋರ್ಡಿನ ಮುಳ್ಳುಗಳನ್ನು ಒಂದೊಂದಾಗಿ ಬರೆಯಿರಿ, ನೋಡುವವರ ಕಣ್ಣು ಮೊದಲು ಹೋಗುವುದು ಬಾಡಿಯ ಬಣ್ಣದ ಮೇಲೆ. ಟ್ಯಾಂಕ್ ಅಥವಾ ಯುದ್ಧವಿಮಾನ ಆದರೆ ಮ್ಯಾಟ್ ಬಣ್ಣ ಹೊಡೆದು, ಮೇಲೆ ಸ್ವಲ್ಪ ಕೆಸರು, ತುಕ್ಕು ತೋರಿಸಿದರೆ ಸಣ್ಣಪುಟ್ಟ ಕೊರತೆ ಮುಚ್ಚಿಹೋಗುತ್ತದೆ. ಕಾರಿಗೆ ಆ ಅನುಕೂಲ ಇಲ್ಲ. ಅದು ಹೊಳೆಯಬೇಕು.

ನಾನು ಹೆಚ್ಚಾಗಿ ಕಟ್ಟುವುದು 1/24 ಅಳತೆಯ ಪ್ಲಾಸ್ಟಿಕ್ ಕಿಟ್. ನಾಲ್ಕೂವರೆ ಮೀಟರ್ ಉದ್ದದ ಕಾರು ಇಲ್ಲಿ ಹೆಚ್ಚುಕಡಿಮೆ 19 ಸೆಂಟಿಮೀಟರ್‌ಗೆ ಇಳಿದಿರುತ್ತದೆ. ಆದರೆ ಬಣ್ಣದ ಪದರ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ಅಲ್ವಾ? ತೊಂದರೆ ಶುರುವಾಗುವುದೇ ಇಲ್ಲಿಂದ. ಬಾಗಿಲ ಸುತ್ತಿನ ಗೆರೆ, ಬಾನೆಟ್ಟಿನ ಸಂದು, ಹಿಂದಿನ ಲೋಗೋ, ಎಲ್ಲವೂ ಕೂದಲೆಳೆಯಷ್ಟು ಆಳ. ಬಣ್ಣ ಸ್ವಲ್ಪ ದಪ್ಪವಾದರೂ ಅವು ತುಂಬಿಕೊಂಡು ಕಾರು ಆಟಿಕೆಯ ಹಾಗೆ ಕಾಣತೊಡಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಒಳ್ಳೆ ಬಣ್ಣ ಅಂದರೆ ತೆಳ್ಳಗೆ ಕೂತು, ಗಟ್ಟಿಯಾಗಿ ಒಣಗಿ, ಆಮೇಲೆ ಪಾಲಿಶ್ ತಡೆದುಕೊಳ್ಳುವ ಬಣ್ಣ. ಈ ಮೂರು ಗುಣ ಇಟ್ಟುಕೊಂಡೇ ಎಲ್ಲವನ್ನೂ ನೋಡಿದ್ದೇನೆ. ಮೊದಲು ಮನೆಯ ಡ್ರಾಯರಿನಲ್ಲಿ ಉಳಿದಿದ್ದ ಬಿಳಿ ಪ್ಲಾಸ್ಟಿಕ್ ಚಮಚಗಳ ಮೇಲೆ, ಆಮೇಲೆ ಬಾಡಿಯ ಮೇಲೆ. ಚಮಚದ ಬೆನ್ನು ಹೆಚ್ಚುಕಡಿಮೆ ಬೀಟಲ್ ಕಾರಿನ ಮಡ್‌ಗಾರ್ಡಿನಷ್ಟೇ ಬಾಗಿರುತ್ತದೆ. ಬಣ್ಣ ಎಲ್ಲಿ ಇಳಿಯುತ್ತದೆ, ಎಲ್ಲಿ ಅಂಚು ಬಿಟ್ಟು ಸರಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಮೊದಲು ಎಲ್ಲರಿಗೂ ಸುಲಭಕ್ಕೆ ಸಿಗುವುದು: ಆಟೊಮೊಬೈಲ್ ಅಂಗಡಿಯ ಸ್ಪ್ರೇ ಕ್ಯಾನ್. ಅಗ್ಗ, ದೊಡ್ಡ ಡಬ್ಬಿ, ಬಣ್ಣಗಳೂ ಬೇಕಾದಷ್ಟು. ಆದರೆ ಇದು ನಿಜವಾದ ಕಾರಿನ ತಗಡಿಗೆ ಅಂತ ಮಾಡಿದ್ದು. ಸಾಲ್ವೆಂಟ್, ಅಂದರೆ ಬಣ್ಣ ಕರಗಿಸಿರುವ ದ್ರವದ ಖಾರ ಜಾಸ್ತಿ, ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ) ಇಲ್ಲದೆ ನೇರ ಪ್ಲಾಸ್ಟಿಕ್ ಮೇಲೆ ಬಿದ್ದರೆ ಮೈ ಬಿರುಕು ಬಿರುಕಾಗುತ್ತದೆ. ಒಂದೇ ಸಲಕ್ಕೆ ತುಂಬ ಬಣ್ಣ ಉಗುಳುತ್ತದೆ. ಮೆಟಾಲಿಕ್ ಬಣ್ಣವಂತೂ ಬೇಡವೇ ಬೇಡ. ನಿಜವಾದ ಕಾರಿನಲ್ಲಿ ಸಣ್ಣಗೆ ಮಿನುಗುವ ಬೆಳ್ಳಿಯ ಪುಡಿ 1/24ರಲ್ಲಿ ಮರಳು ಎರಚಿದಂತೆ ದಪ್ಪದಪ್ಪಗೆ ಕಾಣುತ್ತದೆ. ಲೋಹದ ಬಾಡಿಗೆ, ಅಂದರೆ ಹಾಟ್ ವೀಲ್ಸ್ ಥರದ 1/64 ಡೈಕಾಸ್ಟ್ ಕಾರಿನ ಹಳೆ ಬಣ್ಣ ತೆಗೆದು ಹೊಸದು ಹೊಡೆಯುವವರಿಗೆ ಪ್ರೈಮರ್ ಹಾಕಿಕೊಂಡರೆ ಇದು ನಡೆಯುತ್ತದೆ. ಪ್ಲಾಸ್ಟಿಕ್ ಕಿಟ್‌ಗೆ ನಾನು ಮುಟ್ಟುವುದಿಲ್ಲ.

ಎರಡನೆಯದು ಜಪಾನಿನ ಕಿಟ್ ಕಂಪನಿ ಟಮಿಯಾದ ಟಿಎಸ್ ಕ್ಯಾನ್. 100 ಮಿಲಿ ಡಬ್ಬಿ, ಒಳಗೆ ಸಿಂಥೆಟಿಕ್ ಲ್ಯಾಕರ್ (ಸಾಲ್ವೆಂಟ್ ಹಾರಿ ಬೇಗ ಒಣಗುವ ಬಣ್ಣ), ಕಿಟ್‌ನ ಪ್ಲಾಸ್ಟಿಕ್‌ಗೆ ಅಂತಲೇ ಮಾಡಿದ್ದು. ಕೊಳ್ಳುವಾಗ ನಂಬರು ನೋಡಿ ಕೊಳ್ಳಿ. ಪಕ್ಕದಲ್ಲೇ ಇರುವ ಪಿಎಸ್ ಕ್ಯಾನ್ ಆರ್‌ಸಿ, ಅಂದರೆ ರಿಮೋಟಿನಿಂದ ಓಡಿಸುವ ಕಾರುಗಳ ಪಾಲಿಕಾರ್ಬೊನೇಟ್ ಬಾಡಿಗೆ, ಕಿಟ್‌ಗೆ ಅಲ್ಲ. ಟಿಎಸ್‌ನ ನಳಿಕೆ ಅಂಗಡಿ ಕ್ಯಾನಿಗಿಂತ ಎಷ್ಟೋ ಸಣ್ಣಗೆ ಸಿಂಪಡಿಸುತ್ತದೆ. ಹೊಡೆಯುವ ಮೊದಲು ಕ್ಯಾನನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು, ಒಲೆಯ ಹತ್ತಿರ ಮಾತ್ರ ಒಯ್ಯಬಾರದು. ಒತ್ತಡ ಏರಿ ಬಣ್ಣ ಇನ್ನೂ ಸಣ್ಣ ಹನಿಯಾಗಿ ಬರುತ್ತದೆ, ಬಾಡಿಯ ಮೇಲೆ ಕೂತ ಮೇಲೆ ತಾನೇ ಹರಡಿ ಸಮ ಆಗುತ್ತದೆ. ಮೊದಲೆರಡು ಕೋಟ್ ಬರೀ ಮಂಜಿನಷ್ಟು, ಕೊನೆಯದು ಮಾತ್ರ ಒದ್ದೆಯಾಗಿ. ಟಿಎಸ್-8 ಇಟಾಲಿಯನ್ ರೆಡ್ ಅನ್ನು ಹೀಗೆ ಹೊಡೆದ ಬಾಡಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಛಾವಣಿಯ ಮೇಲೆ ದೀಪದ ಗೆರೆ ನೆಟ್ಟಗೆ ಕಾಣುತ್ತದೆ. ಅಂಗಡಿ ಕ್ಯಾನಿನ ಬಾಡಿಯಲ್ಲಿ ಅದೇ ಗೆರೆ ಅಲೆಅಲೆಯಾಗಿರುತ್ತದೆ. ಬೇರೆ ಪರೀಕ್ಷೆಯೇ ಬೇಡ.

ಕೊರತೆ ಇಲ್ಲವೆಂದಲ್ಲ. ಕ್ಯಾನ್ ಅಂದ ಮೇಲೆ ಎಷ್ಟು ಬಣ್ಣ ಬರಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಅರ್ಧಕ್ಕರ್ಧ ಗಾಳಿಗೆ ಹೋಗುತ್ತದೆ. ಎರಡು ಬಣ್ಣ ಬೆರೆಸಿ ನಿಮ್ಮದೇ ಬಣ್ಣ ಮಾಡಿಕೊಳ್ಳಲು ಆಗುವುದಿಲ್ಲ, ಮನಸ್ಸಿಗೆ ಬಂದ ಹಾಗೆ ಕಾರನ್ನು ಬದಲಿಸಬೇಕು ಅನ್ನುವವರಿಗೆ ಇದು ದೊಡ್ಡ ಅಡ್ಡಿ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸೋಣ ಅಂದರೆ ವಿಮಾನದಲ್ಲಿ ಬೆಂಕಿ ಹತ್ತುವ ಪೇಂಟ್ ಕ್ಯಾನ್ ಬಿಡುವುದಿಲ್ಲ. ಅವರನ್ನು ಸುಮ್ನೆ ತೊಂದರೆಗೆ ಸಿಕ್ಕಿಸಬೇಡಿ, ಇಲ್ಲೇ ಸಿಕ್ಕಾಗ ಕೊಂಡಿಡಿ.

ಮೂರನೆಯದು ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ, ಪೆನ್ನಿನಂಥ ಉಪಕರಣದಲ್ಲಿ) ಅಕ್ರಿಲಿಕ್. ವಾಸನೆ ಕಮ್ಮಿ, ಕೈ ತೊಳೆಯುವುದು ಸುಲಭ, ಚಿಕ್ಕ ಮಕ್ಕಳಿರುವ ಮನೆಗೆ ಇದೇ ನೆಮ್ಮದಿ. 10 ಮಿಲಿ ಶೀಶೆ ಎಷ್ಟೋ ಕಾರುಗಳ ಒಳಾಂಗಣಕ್ಕೆ ಸಾಕು. ಬಣ್ಣ ಇಷ್ಟವಾಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಉಜ್ಜಿದರೆ ಎದ್ದು ಬರುತ್ತದೆ, ಕಿಟ್ ಉಳಿಯುತ್ತದೆ. ಸೀಟು, ಕಾರ್ಪೆಟ್, ಚಾಸಿ, ಟೈರಿಗೆ ಮ್ಯಾಟ್ ಅಕ್ರಿಲಿಕ್ ಬಿಟ್ಟು ಬೇರೆ ಯಾವುದನ್ನೂ ನಾನು ಬಳಸುವುದಿಲ್ಲ. ಆದರೆ ಬಾಡಿಯ ಹೊಳಪಿನ ಮಾತು ಬೇರೆ. ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಕಚ್ಚುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ಎರಡು ಬಣ್ಣದ ಕಾರಿಗೆ ಮಾಸ್ಕಿಂಗ್ ಟೇಪ್ ಹಾಕಿ ಎಳೆದರೆ ಅಂಚು ಟೇಪಿನ ಜೊತೆಗೇ ಬರುವ ಭಯ ಇದ್ದೇ ಇರುತ್ತದೆ. ಒಣಗಿದಂತೆ ಕಂಡರೂ ದಿನಗಟ್ಟಲೆ ಮೆತ್ತಗಿರುತ್ತದೆ, ಹಿಡಿದ ಕಡೆ ಬೆರಳಚ್ಚು ಉಳಿಯುತ್ತದೆ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಉಜ್ಜುಕಾಗದ) ಹಚ್ಚಿ ಪಾಲಿಶ್ ಮಾಡಲು ಹೋದರೆ ಹೊಳೆಯುವ ಬದಲು ಎಳೆದುಕೊಂಡು ಬರುತ್ತದೆ.

ನಾಲ್ಕನೆಯದು ಏರ್‌ಬ್ರಷ್‌ನಲ್ಲಿ ಲ್ಯಾಕರ್. ಜಿಎಸ್‌ಐ ಕ್ರಿಯೋಸ್‌ನ ಮಿಸ್ಟರ್ ಕಲರ್ ಅಥವಾ ಟಮಿಯಾದ ಎಲ್‌ಪಿ ಶೀಶೆ. ನನ್ನ ಓಟು ಇದಕ್ಕೇ. ಒಂದು ಪಾಲು ಬಣ್ಣಕ್ಕೆ ಒಂದೂವರೆಯಿಂದ ಎರಡು ಪಾಲು ಲೆವೆಲಿಂಗ್ ಥಿನ್ನರ್, 0.3 ಮಿಲಿಮೀಟರ್ ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ. ಆ ಥಿನ್ನರಿನಲ್ಲಿ ರಿಟಾರ್ಡರ್ ಇರುತ್ತದೆ, ಅಂದರೆ ಬಣ್ಣ ಬೇಗ ಒಣಗದೆ ಹರಡಿಕೊಳ್ಳಲು ಸಮಯ ಸಿಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಸಾದಾ ಥಿನ್ನರ್ ಹಾಕಿದರೆ ಹನಿ ದಾರಿಯಲ್ಲೇ ಒಣಗಿ ಮೈ ತರಿತರಿ ಆಗುತ್ತದೆ, ಲೆವೆಲಿಂಗ್ ಹಾಕಿದರೆ ನೀವು ನೋಡನೋಡುತ್ತಿದ್ದಂತೆ ಆ ತರಿ ಕರಗಿ ಕನ್ನಡಿ ಆಗುತ್ತದೆ. ಆ ಕ್ಷಣ ನೋಡಲಿಕ್ಕಾಗಿಯೇ ಈ ಹವ್ಯಾಸದಲ್ಲಿದ್ದೇನೆ ಅಂದರೂ ತಪ್ಪಿಲ್ಲ. ಪದರ ಎಷ್ಟು ತೆಳ್ಳಗಿರುತ್ತದೆ ಅಂದರೆ ಬೀಟಲ್‌ನ ಬಾಗಿಲ ಗೆರೆಗೆ ಆಮೇಲೆ ಎನಾಮೆಲ್ (ನಿಧಾನಕ್ಕೆ ಒಣಗುವ ಇನ್ನೊಂದು ಬಗೆಯ ಬಣ್ಣ) ಜಾತಿಯ ಪ್ಯಾನೆಲ್ ಲೈನ್ ಬಣ್ಣ ಒಂದು ತೊಟ್ಟು ಮುಟ್ಟಿಸಿದರೆ ಸಾಕು, ಗೆರೆಯ ಉದ್ದಕ್ಕೂ ತಾನೇ ಓಡುತ್ತದೆ. ಎನಾಮೆಲ್ ಥಿನ್ನರ್ ಗಟ್ಟಿಯಾಗಿ ಒಣಗಿದ ಲ್ಯಾಕರನ್ನು ಕರಗಿಸುವುದಿಲ್ಲ, ಹಾಗಾಗಿ ಹೆಚ್ಚಾದದ್ದನ್ನು ಧೈರ್ಯವಾಗಿ ಒರೆಸಬಹುದು. ಉಲ್ಟಾ ಮಾತ್ರ ಬೇಡ: ಅಕ್ರಿಲಿಕ್ ಅಥವಾ ಎನಾಮೆಲ್ ಮೇಲೆ ಲ್ಯಾಕರ್ ಒದ್ದೆಯಾಗಿ ಹೊಡೆದರೆ ಕೆಳಗಿನ ಬಣ್ಣ ಸುಕ್ಕಾಗಿ ಏಳುತ್ತದೆ.

ಖರ್ಚು ಮಾತ್ರ ಶುರುವಿನಲ್ಲೇ ಬೀಳುತ್ತದೆ. ಏರ್‌ಬ್ರಷ್, ಕಂಪ್ರೆಸರ್, ನೀರು ಹಿಡಿಯುವ ಫಿಲ್ಟರ್ ಎಲ್ಲ ಬೇಕು. ಪ್ರತಿ ಬಣ್ಣಕ್ಕೂ ಬ್ರಷ್ ಬಿಚ್ಚಿ ತೊಳೆಯಬೇಕು. ಇನ್ನು ಮಾಸ್ಕ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಬಟ್ಟೆಯ ಮಾಸ್ಕ್ ಇರಲಿ, ಎನ್95 ಕೂಡ ಕಣವನ್ನು ತಡೆಯುತ್ತದೆಯೇ ಹೊರತು ಥಿನ್ನರ್ ಆವಿಯನ್ನಲ್ಲ. ಆರ್ಗಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಕೊಳ್ಳಿ, ಕಿಟಕಿ ತೆರೆದಿಡಿ, ಹತ್ತಿರ ದೇವರ ದೀಪವೂ ಉರಿಯುತ್ತಿರಬಾರದು.

ಮಳೆಗಾಲದ ಮಾತು ಬೇರೆಯೇ. ಬೆಂಗಳೂರಿನಲ್ಲೂ ಜುಲೈ, ಆಗಸ್ಟ್‌ನಲ್ಲಿ ತೇವ ಸಾಕಷ್ಟಿರುತ್ತದೆ, ಮಂಗಳೂರು, ಉಡುಪಿ ಕಡೆಯವರಿಗೆ ಕೇಳುವುದೇ ಬೇಡ. ಲ್ಯಾಕರಿನ ಸಾಲ್ವೆಂಟ್ ಹಾರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಕಪ್ಪು ಬಣ್ಣ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಕ್ಯಾನಿನಲ್ಲಿ ಇದು ಜಾಸ್ತಿ, ಯಾಕಂದರೆ ಗ್ಯಾಸ್ ಜೊತೆಗೇ ಇನ್ನಷ್ಟು ತಣ್ಣಗೆ ಬರುತ್ತದೆ. ರಿಟಾರ್ಡರ್ ಇರುವ ಥಿನ್ನರಿನಲ್ಲಿ ಕಮ್ಮಿ. ಮಳೆಗಾಲದಲ್ಲಿ ಕ್ಯಾನಿನ ಬಣ್ಣವನ್ನು ಒಂದು ಗಾಜಿನ ಶೀಶೆಗೆ ಸ್ಟ್ರಾ ಮೂಲಕ ಇಳಿಸಿ, ಮುಚ್ಚಳ ಬಿಗಿಮಾಡದೆ ಗ್ಯಾಸ್ ಪೂರ್ತಿ ಹೋಗುವವರೆಗೆ ಬಿಟ್ಟು, ಆಮೇಲೆ ಏರ್‌ಬ್ರಷ್‌ಗೆ ಹಾಕಿಕೊಳ್ಳುತ್ತೇನೆ. ಟಿಎಸ್‌ನ ಬಣ್ಣ, ಏರ್‌ಬ್ರಷ್‌ನ ಹಿಡಿತ, ಎರಡೂ ಸಿಗುತ್ತವೆ.

ಈಗಷ್ಟೇ ಶುರು ಮಾಡುವವರು ಏರ್‌ಬ್ರಷ್‌ಗೆ ಓಡಬೇಡಿ. ಮಿಸ್ಟರ್ ಸರ್ಫೇಸರ್ 1000 ಥರದ ಒಂದು ಬೂದು ಪ್ರೈಮರ್, ಒಂದು ಟಿಎಸ್ ಬಣ್ಣ, ಒಳಗಿನದಕ್ಕೆ ನಾಲ್ಕೈದು ಅಕ್ರಿಲಿಕ್ ಶೀಶೆ, ಇಷ್ಟರಲ್ಲಿ ಮೊದಲ ಕಾರುಗಳು ಚೆನ್ನಾಗಿಯೇ ಆಗುತ್ತವೆ. ಕಿಟ್ ಕೆಂಪು ಪ್ಲಾಸ್ಟಿಕ್‌ನದಾಗಿದ್ದು ನಿಮಗೆ ಬಿಳಿ ಕಾರು ಬೇಕಿದ್ದರೆ ನಡುವೆ ಒಂದು ಬೆಳ್ಳಿ ಬಣ್ಣದ ಕೋಟ್ ಹೊಡೆಯಿರಿ, ಇಲ್ಲದಿದ್ದರೆ ಕೆಂಪು ಮೇಲೆ ಒಸರಿ ಕಾರು ಗುಲಾಬಿ ಆಗುತ್ತದೆ. ಸ್ವಂತ ಬಣ್ಣ ಬೆರೆಸಬೇಕು ಅನ್ನುವ ಆಸೆ ಬಂದ ದಿನ ಏರ್‌ಬ್ರಷ್ ಕೊಳ್ಳಿ.

ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ, ಅಕ್ಷರ) ಇರುವ ರ‍್ಯಾಲಿ ಕಾರಾದರೆ ಕ್ಲಿಯರ್ ಕೋಟ್ (ಎಲ್ಲದರ ಮೇಲೆ ಹೊಡೆಯುವ ಬಣ್ಣವಿಲ್ಲದ ಪದರ) ಹೊಡೆಯುವಾಗ ಅವಸರ ಬೇಡ. ಟಿಎಸ್-13 ಕ್ಲಿಯರ್ ಒಳ್ಳೆ ಹೊಳಪು ಕೊಡುತ್ತದೆ, ಆದರೆ ಒಂದೇ ಸಲ ಒದ್ದೆಯಾಗಿ ಹೊಡೆದರೆ ಡೆಕಲ್ ಸುಕ್ಕಾಗಬಹುದು. ಮಂಜಿನಷ್ಟು ತೆಳುವಾಗಿ ಹಲವು ಸಲ, ನಡುವೆ ಒಣಗಲು ಬಿಟ್ಟು. ಬಾಡಿಯನ್ನು ಮೂಗಿನ ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಒಂದಿಷ್ಟೂ ಬಾರದಿದ್ದರೆ ಮಾತ್ರ ವಾಟರ್ ಪೇಪರ್ ಮುಟ್ಟಿಸಿ. 2000, 3000 ನಂಬರು, ಆಮೇಲೆ ಪಾಲಿಶಿಂಗ್ ಕಾಂಪೌಂಡ್. ಮಡ್‌ಗಾರ್ಡಿನ ಅಂಚು, ಬಾನೆಟ್ಟಿನ ಏಣು ಇರುವ ಕಡೆ ಪೇಪರ್ ತಾಗಿಸಲೇಬೇಡಿ. ಬಣ್ಣ ತೀರ ತೆಳ್ಳಗಿರುವುದು ಅಲ್ಲೇ.