ಬೀಸಿದ ದಿನಾಂಕ ಮುದ್ರಿಸುವ ಗಿರಣಿ: ಕೆಲವು ವರ್ಷಗಳ ಬಳಕೆಯ ನಂತರ

ಈ ಗಿರಣಿಯಿಂದ ಆನ್‌ಲೈನ್‌ನಲ್ಲಿ ಬಗೆಬಗೆಯ ಹಿಟ್ಟು, ಇಡಿ ಧಾನ್ಯಗಳನ್ನು ತರಿಸಲು ಶುರುಮಾಡಿ ಕೆಲವು ವರ್ಷಗಳಾದವು. ಇಷ್ಟು ಕಾಲ ಇದನ್ನೇ ನೆಚ್ಚಿಕೊಂಡಿರಲು ಮುಖ್ಯ ಕಾರಣ ಚೀಲದ ಹಿಂಬದಿಯಲ್ಲಿರುವ ಒಂದು ಸಾಲು: ಹಿಟ್ಟು ಬೀಸಿದ ದಿನಾಂಕ. ಯಾವಾಗಿನೊಳಗೆ ಬಳಸಬೇಕು ಎಂದು ಬಹುತೇಕ ಪೊಟ್ಟಣಗಳು ಹೇಳುತ್ತವೆ. ಯಾವಾಗ ಬೀಸಿದ್ದು ಎಂದು ಹೇಳುವವು ಅಪರೂಪ.

ಇಡಿ ಗೋಧಿಯ ಹಿಟ್ಟಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಕಾಳಿನಲ್ಲಿ ಮೊಳೆಯುವ ಭಾಗ ತೂಕದ ಶೇ. 2–3ರಷ್ಟು ಮಾತ್ರ, ಆದರೆ ಎಣ್ಣೆಯಂಶ ದಟ್ಟವಾಗಿರುವುದು ಅಲ್ಲಿಯೇ. ಕಾಳು ಒಡೆಯದಿರುವವರೆಗೆ ಆ ಎಣ್ಣೆ ಭದ್ರ. ಬೀಸಿದೊಡನೆ ಅದಕ್ಕೆ ಗಾಳಿ ತಾಗುತ್ತದೆ, ಕಿಣ್ವಗಳೂ ಕೆಲಸ ಶುರುಮಾಡುತ್ತವೆ, ಕ್ರಮೇಣ ಹಿಟ್ಟು ಕಮಟುತ್ತದೆ. ಮೈದಾ ಹೆಚ್ಚು ಕಾಲ ಬಾಳುವುದು ಹೊಟ್ಟನ್ನೂ ಮೊಳೆಯ ಭಾಗವನ್ನೂ ಬೇರ್ಪಡಿಸಿರುವುದರಿಂದ. ಚೀಲ ಬಿಚ್ಚಿದ ಕೂಡಲೇ ನಾನು ಒಂದು ಚಿಟಿಕೆ ಹಿಟ್ಟನ್ನು ಅಂಗೈಗಳ ನಡುವೆ ಬಿಸಿಯಾಗುವಂತೆ ಉಜ್ಜಿ ಮೂಸುತ್ತೇನೆ. ತಾಜಾ ಹಿಟ್ಟಿಗೆ ಒಣಹುಲ್ಲಿನ, ತುಸು ಸಿಹಿಯಾದ ಪರಿಮಳ. ಹಳತಾಗಿದ್ದರೆ ಮೂಗಿಗೆ ಬಡಿಯುವುದು ಹಳೆಯ ಬಣ್ಣದ ಡಬ್ಬಿಯಂಥ ವಾಸನೆ. ಇವರ ಗೋಧಿ ಹಿಟ್ಟು ಈ ಪರೀಕ್ಷೆಯಲ್ಲಿ ಒಮ್ಮೆಯೂ ಸೋತಿಲ್ಲ. ಬೇಗ ಮುಗಿಯದಷ್ಟು ತರಿಸಿದಾಗ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಫ್ರೀಜರ್‌ನಲ್ಲಿಡುತ್ತೇನೆ.

ರೈ ಹಿಟ್ಟಿನ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಒಂದು ಸಲ ನುಣ್ಣಗಿರುತ್ತದೆ, ಮುಂದಿನ ಸಲ ತರಿತರಿಯಾಗಿ ಬರುತ್ತದೆ. ರೈ ಮೊದಲೇ ನೀರು ಕುಡಿಯುವ ಧಾನ್ಯ, ಕಣಕ ಕೈಗೆ ಅಂಟುತ್ತದೆ, ಗೋಧಿಯದರಂತೆ ಹಿಗ್ಗುವುದಿಲ್ಲ. ತರಿಯಾದ ಹಿಟ್ಟು ನೀರನ್ನು ನಿಧಾನವಾಗಿ ಹೀರುವುದರಿಂದ ಕಲಸಿದಾಗ ತೆಳ್ಳಗೆ ಕಂಡ ಕಣಕ ಅರ್ಧ ಗಂಟೆಯಲ್ಲಿ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಪ್ರತಿ ಹೊಸ ಚೀಲಕ್ಕೂ ನೀರಿನ ಅಳತೆಯನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಎರಡು ಬಗೆಯ ಬೀಸುವಿಕೆಗೂ ಬೇರೆಬೇರೆ ಹೆಸರಿಟ್ಟು ಮಾರಿದರೆ ಸಾಕು, ಈ ತೊಂದರೆ ತಪ್ಪುತ್ತದೆ.

ಜವೆಗೋಧಿ (ಬಾರ್ಲಿ) ಕೊಳ್ಳುವಾಗ ಚಿತ್ರ ನೋಡಿ ನಂಬಬೇಡಿ, ವಿವರಣೆಯನ್ನು ಓದಿ. ಹೊಳಪು ಕೊಟ್ಟ ಬಿಳಿಯ ಕಾಳು ಬೇಗ ಬೇಯುತ್ತದೆ, ನಿಜ, ಆದರೆ ಅದರ ಹೊಟ್ಟು ಸವೆದುಹೋಗಿರುವುದರಿಂದ ಅದು ಇಡಿ ಧಾನ್ಯವಲ್ಲ. ಈ ಗಿರಣಿ ಹೊಳಪು ಕೊಟ್ಟದ್ದನ್ನೂ ಇಡಿ ಕಾಳನ್ನೂ ಒಂದೇ ಪುಟದಲ್ಲಿಟ್ಟು ಗೊಂದಲ ಮಾಡಿತ್ತು. ನಾನು ಬರೆದು ತಿಳಿಸಿದ ಮೇಲೆ ಬೇರ್ಪಡಿಸಿದರು. ಪತ್ರಕ್ಕೆ ಉತ್ತರಿಸುವ ಗಿರಣಿ ಎಂಬ ಗೌರವ ನನಗೆ ಅಂದಿನಿಂದ ಇದೆ.

ಓಟ್ಸ್ ಚೆನ್ನಾಗಿದೆ, ಹೆಚ್ಚು ಹೇಳುವಂಥದ್ದೇನಿಲ್ಲ.

ಬಕ್‌ವೀಟ್ ಹಿಟ್ಟಿನ ಗಾಢ ರುಚಿ ನನಗೆ ತುಂಬ ಇಷ್ಟ. ಹೆಸರಿನಲ್ಲಿ ವೀಟ್ ಇದ್ದರೂ ಅದು ಗೋಧಿಯ ಜಾತಿಯಲ್ಲ, ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್ ಅದರಲ್ಲಿ ಇಲ್ಲ. ಆದರೆ ಇಲ್ಲಿ ಅದನ್ನು ಬೀಸುವುದು ಗೋಧಿ ಬೀಸುವ ಯಂತ್ರದಲ್ಲಿಯೇ. ಗ್ಲೂಟೆನ್‌ರಹಿತ ಎನ್ನಿಸಿಕೊಳ್ಳಲು ಅದರ ಪ್ರಮಾಣ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಮಾನದಂಡ. ಅಂಥ ಪರೀಕ್ಷೆಯ ಮಾತು ಇವರ ಚೀಲದ ಮೇಲೆ ಎಲ್ಲಿಯೂ ಇಲ್ಲ. ಮನೆಯಲ್ಲಿ ಸೀಲಿಯಾಕ್ (ಗ್ಲೂಟೆನ್‌ನಿಂದ ಕರುಳಿಗೆ ಹಾನಿಯಾಗುವ) ಕಾಯಿಲೆಯವರಿದ್ದರೆ ಈ ಒಂದು ಹಿಟ್ಟನ್ನು ಇಲ್ಲಿಂದ ತರಿಸಬೇಡಿ.