ಹನ್ನೆರಡು ವರ್ಷ ಕೇಳಿದ ಮೇಲೆ: ಸಾಲೊಮನ್ ಬರ್ಕ್ ಅವರ ‘ಡೋಂಟ್ ಗಿವ್ ಅಪ್ ಆನ್ ಮಿ’

ಈ ಸಿಡಿ ತರಿಸಿ ಹನ್ನೆರಡು ವರ್ಷವಾಯಿತು. ಪಾರ್ಸೆಲ್ ಬಿಚ್ಚಿದಾಗಲೇ ಡಬ್ಬಿ ಸೀಳು ಬಿಟ್ಟಿತ್ತು. ಪುಣ್ಯಕ್ಕೆ ಡಿಸ್ಕ್ ಮೇಲೆ ಒಂದು ಗೀರೂ ಇರಲಿಲ್ಲ. ಇವತ್ತಿಗೂ ತಿಂಗಳಿಗೆ ಎರಡು ಸಲವಾದರೂ ಪೂರ್ತಿ ಕೇಳುತ್ತೇನೆ.

ಬರ್ಕ್ ಅಮೆರಿಕದ ಸೋಲ್ ಸಂಗೀತದ ಗಾಯಕರು, ಫಿಲಡೆಲ್ಫಿಯಾದವರು. ಚಿಕ್ಕ ವಯಸ್ಸಿನಲ್ಲೇ ಚರ್ಚಿನಲ್ಲಿ ಬೋಧನೆ ಶುರು ಮಾಡಿದವರು. 1960ರ ದಶಕದಲ್ಲಿ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಗೆ ‘ಕ್ರೈ ಟು ಮಿ’ಯಂಥ ಹಾಡು ಹಾಡಿ ಹೆಸರಾದರು. ಆಮೇಲೆ ಬಹಳ ವರ್ಷ ದೊಡ್ಡ ಹಿಟ್ ಇರಲಿಲ್ಲ. ಅರವತ್ತು ದಾಟಿದ ಮೇಲೆ, 2002ರಲ್ಲಿ, ಈ ಆಲ್ಬಂ ಬಂತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಪ್ರೊಡ್ಯೂಸ್ ಮಾಡಿದವರು ಜೋ ಹೆನ್ರಿ. ಎಲ್ಲರೂ ಒಟ್ಟಿಗೆ ನುಡಿಸಿ, ನಾಲ್ಕೇ ದಿನದಲ್ಲಿ ರೆಕಾರ್ಡಿಂಗ್ ಮುಗಿಸಿದ್ದಾರೆ. ಬಾಬ್ ಡಿಲನ್, ಟಾಮ್ ವೇಟ್ಸ್, ವ್ಯಾನ್ ಮಾರಿಸನ್, ಬ್ರಯಾನ್ ವಿಲ್ಸನ್ ಅಂಥ ಹೆಸರಾಂತ ಗಾಯಕರು ಬರೆದ ಹಾಡುಗಳಿವೆ. ಹೆಸರು ನೋಡಿಯೇ ನಾನು ಕೊಂಡಿದ್ದು. ಆದರೆ ಇಷ್ಟು ವರ್ಷ ಹಿಡಿದಿಟ್ಟಿದ್ದು ಬರ್ಕ್ ಅವರ ದನಿ.

ಮೊದಲ ಹಾಡನ್ನೇ ತೆಗೆದುಕೊಳ್ಳಿ. ಕೈ ಬಿಡಬೇಡ ಎಂದು ಕೇಳಿಕೊಳ್ಳುವ ಹಾಡು. ಅಷ್ಟು ದೊಡ್ಡ ಗಂಟಲಿದ್ದೂ ಅವರು ಕಿರುಚುವುದಿಲ್ಲ. ಒಂದು ಮಾತು ಹೇಳಿ ತಡೆಯುತ್ತಾರೆ. ಆ ಬಿಡುವಿನಲ್ಲಿ ಆರ್ಗನ್ ಮೆಲ್ಲಗೆ ಬಂದು ಕೂರುತ್ತದೆ. ನುಡಿಸಿರುವವರು ರೂಡಿ ಕೋಪ್‌ಲ್ಯಾಂಡ್, ಬರ್ಕ್ ಅವರ ಚರ್ಚಿನಲ್ಲೇ ಆರ್ಗನ್ ನುಡಿಸುತ್ತಿದ್ದವರು. ನಮ್ಮ ಕಡೆ ಭಜನೆಗೆ ವರ್ಷಗಟ್ಟಲೆ ಹಾರ್ಮೋನಿಯಂ ಹಿಡಿದವರಿಗೆ ಹಾಡುವವರು ಎಲ್ಲಿ ಉಸಿರು ತೆಗೆಯುತ್ತಾರೆ ಅಂತ ಗೊತ್ತಿರುತ್ತದಲ್ಲ, ಹಾಗೆ. ಒಮ್ಮೆ ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಇಂಗ್ಲಿಷ್ ಬಾರದು. ಕೈ ನಿಲ್ಲಿಸಿ, “ಪಾಪ, ಯಾರನ್ನೋ ಬೇಡಿಕೊಳ್ತಿದ್ದಾರೆ ಅಲ್ವೇನೋ?” ಎಂದರು.

‘ಫಾಸ್ಟ್ ಟ್ರೇನ್’ ಅನ್ನು ಮೊದಮೊದಲು ದಾಟಿಸಿ ಮುಂದೆ ಹೋಗುತ್ತಿದ್ದೆ. ಈಗ ಜಾಸ್ತಿ ಕೇಳುವುದು ಅದನ್ನೇ. ‘ನನ್ ಆಫ್ ಅಸ್ ಆರ್ ಫ್ರೀ’ಯಲ್ಲಿ ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ಎಂಬ ಭಕ್ತಿಗೀತೆಯ ತಂಡ ಜೊತೆಗೂಡುವಾಗ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಕೊರತೆ ಇಲ್ಲವೇ? ಇದೆ. ‘ಸೋಲ್ ಸರ್ಚಿನ್’ ನನಗೆ ಇವತ್ತಿಗೂ ಒಗ್ಗಿಲ್ಲ, ಉಳಿದವುಗಳ ನಡುವೆ ತೀರಾ ಸಿಹಿ ಅನ್ನಿಸುತ್ತದೆ. ಹನ್ನೊಂದು ಹಾಡುಗಳಲ್ಲಿ ಹೆಚ್ಚಿನವು ನಿಧಾನದ ಹಾಡುಗಳು. ಕೆಲಸ ಮಾಡುತ್ತಾ ಸುಮ್ನೆ ಹಿಂದೆ ಹಾಕಿಕೊಂಡರೆ ಸಪ್ಪೆ ಅನ್ನಿಸಬಹುದು.

ಬರ್ಕ್ 2010ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದಲ್ಲಿ ತೀರಿಕೊಂಡರು. ಸಂಗೀತ ಕಛೇರಿಗೆಂದೇ ಅಲ್ಲಿಗೆ ಬಂದಿದ್ದರು. ನಾನು ಈ ಸಿಡಿ ಕೊಳ್ಳುವ ಹೊತ್ತಿಗೆ ಅವರಿರಲಿಲ್ಲ. ಎದುರಿಗೆ ಕೂತು ಕೇಳಲಾಗಲಿಲ್ಲ ಎಂಬ ಸಂಕಟ ನನಗಿದೆ.

ಕೇಳುವುದಾದರೆ ಫೋನಿನ ಸ್ಪೀಕರ್ ಬೇಡ, ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದ ತಗ್ಗು ದನಿಯೇ ಸಿಗುವುದಿಲ್ಲ. ರಾತ್ರಿ ಊಟವಾದ ಮೇಲೆ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಮೊದಲ ಹಾಡಿನಿಂದಲೇ ಶುರು ಮಾಡಿ.