ಎರಡು ವಿಂಡೋಸ್ ಇರುವ ಕಂಪ್ಯೂಟರಿಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕಾ?

ಸಾಕು. ಸಿ, ಡಿ ಅನ್ನುವ ಡ್ರೈವ್ ಅಕ್ಷರ ಬದಲಿಸುವುದಕ್ಕೆ ಅಂತ ದುಡ್ಡು ಕೊಟ್ಟು ಬೇರೆ ಪಾರ್ಟಿಷನ್ (ಡಿಸ್ಕಿನ ಭಾಗ) ಸಾಫ್ಟ್‌ವೇರ್ ತಗೋಬೇಕಾಗಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಸ್ಕ್ ಮ್ಯಾನೇಜ್‌ಮೆಂಟ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಒಂದು ಸ್ಟಾರ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಗದಗದಲ್ಲಿ ಡಿಟಿಪಿ ಕೆಲಸ ಮಾಡುವವನು. ಲಗ್ನಪತ್ರಿಕೆ, ಬಿಲ್ ಬುಕ್, ಸ್ಮರಣ ಸಂಚಿಕೆ ಎಲ್ಲ ಬರುತ್ತವೆ. ಹಳೇ ಗಿರಾಕಿಗಳ ಫೈಲುಗಳೆಲ್ಲ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ ಇವೆ. ಅವಕ್ಕಾಗಿ ವಿಂಡೋಸ್ 7 ಉಳಿಸಿಕೊಂಡಿದ್ದೇನೆ. ಹೊಸ ಪ್ರಿಂಟರಿಗೆ ವಿಂಡೋಸ್ 10 ಬೇಕು. ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಹಾಗಾಗಿ ಮೇಲ್, ಬ್ಯಾಂಕಿಂಗ್ ಎಲ್ಲ ಉಬುಂಟು ಅನ್ನುವ ಲಿನಕ್ಸಿನಲ್ಲಿ. ಮೂರೂ ಒಂದೇ ಕಂಪ್ಯೂಟರಿನಲ್ಲಿವೆ. ಕೆಲಸದ ಫೈಲುಗಳಿರುವ ಪಾರ್ಟಿಷನ್ ಮೂರಕ್ಕೂ ಒಂದೇ.

ಇಂಥ ಕಂಪ್ಯೂಟರಿನಲ್ಲಿ ಡ್ರೈವ್ ಅಕ್ಷರ ಸಣ್ಣ ವಿಷಯ ಅಲ್ಲ. ಪೇಜ್‌ಮೇಕರ್ ದೊಡ್ಡ ಫೋಟೋಗಳನ್ನು ಫೈಲಿನ ಒಳಗೆ ಇಟ್ಟುಕೊಳ್ಳುವುದಿಲ್ಲ. ಫೋಟೋ ಎಲ್ಲಿದೆ ಅನ್ನುವ ದಾರಿಯನ್ನು, ಡ್ರೈವ್ ಅಕ್ಷರ ಸಮೇತ, ಬರೆದುಕೊಳ್ಳುತ್ತದೆ. ವಿಂಡೋಸ್ 7ರಲ್ಲಿ ಡಿ ಆಗಿದ್ದ ಪಾರ್ಟಿಷನ್ ವಿಂಡೋಸ್ 10ರಲ್ಲಿ ಇ ಆಗಿದ್ದರೆ, ಬೇರೆ ಫೋಲ್ಡರಿನಲ್ಲಿರುವ ಫೋಟೋ ಅದಕ್ಕೆ ಸಿಗುವುದಿಲ್ಲ. ಲಿಂಕ್ಸ್ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅದನ್ನು ನೋಡದೆ ಪ್ರಿಂಟ್ ಕೊಟ್ಟರೆ ವಧೂವರರ ಮುಖ ಮಸುಕಾಗಿ ಬರುತ್ತದೆ.

ಒಂದೇ ಪಾರ್ಟಿಷನ್ನಿಗೆ ಎರಡು ಅಕ್ಷರ ಯಾಕೆ? ಅಕ್ಷರ ಡಿಸ್ಕಿನ ಮೇಲೆ ಬರೆದಿರುವುದಿಲ್ಲ, ಅದಕ್ಕೆ. ಪ್ರತಿ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ತನ್ನದೇ ರಿಜಿಸ್ಟ್ರಿಯಲ್ಲಿ, ಮೌಂಟೆಡ್ ಡಿವೈಸಸ್ ಅನ್ನುವ ಜಾಗದಲ್ಲಿ, ತನ್ನ ಪಟ್ಟಿ ಇಟ್ಟುಕೊಳ್ಳುತ್ತದೆ. ನನ್ನದರಂಥ ಹಳೇ ಎಂಬಿಆರ್ (ಪಾರ್ಟಿಷನ್ ಪಟ್ಟಿ ಬರೆಯುವ ಹಳೇ ಪದ್ಧತಿ) ಡಿಸ್ಕಾದರೆ ಒಂದೊಂದು ಅಕ್ಷರದ ಎದುರಿಗೂ 12 ಬೈಟ್ ಇರುತ್ತದೆ. ಮೊದಲ 4 ಬೈಟ್ ಡಿಸ್ಕಿನ ಗುರುತು, ಉಳಿದ 8 ಬೈಟ್ ಪಾರ್ಟಿಷನ್ ಎಲ್ಲಿಂದ ಶುರು ಅನ್ನುವ ಲೆಕ್ಕ. ಒಬ್ಬನೇ ಹುಡುಗನಿಗೆ ಅಜ್ಜಿ ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇದ್ದ ಹಾಗೆ. ನನ್ನ ಎರಡೂ ವಿಂಡೋಸ್ ತಾವೇ ಸಿ ಅನ್ನುತ್ತವೆ, ಇನ್ನೊಂದನ್ನು ಡಿ ಅನ್ನುತ್ತಿದ್ದವು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ.

ಆದ್ದರಿಂದ ಈ ಕೆಲಸವನ್ನು ಎರಡೂ ಕಡೆ ಬೂಟ್ ಮಾಡಿ, ಎರಡು ಸಲ ಮಾಡಬೇಕು. ವಿಂಡೋಸ್ 10ರಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಅಲ್ಲೇ ಸಿಗುತ್ತದೆ. ವಿಂಡೋಸ್ 7ರಲ್ಲಿ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಒತ್ತಿ, ಎಡಗಡೆ ಹುಡುಕಬೇಕು. ಆ ಕಿಟಕಿಯ ಕೆಳಭಾಗದ ಚಿತ್ರದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಪಟ್ಟಿಗಳು ಕಾಣುತ್ತವೆ. ಪಾರ್ಟಿಷನ್ ಮೇಲೆ ನೀಲಿ ಗೆರೆ, ಖಾಲಿ ಜಾಗದ ಮೇಲೆ ಕಪ್ಪು ಗೆರೆ. ಯಾವ ಪಾರ್ಟಿಷನ್ ಎಷ್ಟು ಜಿಬಿ, ಯಾವುದರ ಪಕ್ಕ ಯಾವುದಿದೆ, ಒಂದೇ ನೋಟಕ್ಕೆ ತಿಳಿಯುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ ಚಿತ್ರ. ಅಕ್ಷರ ಬದಲಾದರೂ ಡಿಸ್ಕಿನ ಮೇಲಿನ ಜಾಗ ಬದಲಾಗುವುದಿಲ್ಲ. ಹಾಗಾಗಿ ಎರಡೂ ವಿಂಡೋಸಿನಲ್ಲಿ ನಾನು ಈ ಚಿತ್ರ ನೋಡಿಯೇ ಪಾರ್ಟಿಷನ್ ಗುರುತು ಹಿಡಿಯುತ್ತೇನೆ.

ಕೆಲಸದ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಒತ್ತಿ, ಅದಕ್ಕೆ ಎರಡೂ ಕಡೆ ಕೆ ಅಕ್ಷರ ಕೊಟ್ಟಿದ್ದೇನೆ. ಡಿ, ಇ, ಎಫ್ ಬೇಡ. ಗಿರಾಕಿಗಳು ತರುವ ಪೆನ್‌ಡ್ರೈವ್, ಕಾರ್ಡ್ ರೀಡರ್ ಎಲ್ಲ ಬಂದು ಖಾಲಿ ಇರುವ ಮೊದಲ ಅಕ್ಷರದಲ್ಲಿ ಕೂತುಬಿಡುತ್ತವೆ. ಎ, ಬಿ ಡಾಸ್ ಕಾಲದಿಂದಲೂ ಫ್ಲಾಪಿಯ ಜಾಗ, ಅವನ್ನೂ ಸುಮ್ನೆ ಬಿಟ್ಟುಬಿಡಿ. ಅಕ್ಷರ ಬದಲಿಸುವ ಮುಂಚೆ ಆ ಡ್ರೈವಿನ ಫೈಲುಗಳನ್ನೆಲ್ಲ ಮುಚ್ಚಿರಬೇಕು. ಕೆಲವು ಪ್ರೋಗ್ರಾಂ ಸರಿಯಾಗಿ ನಡೆಯದಿರಬಹುದು ಅಂತ ಒಂದು ಎಚ್ಚರಿಕೆ ಬರುತ್ತದೆ. ಅದನ್ನು ಓದಿ ಎಸ್ ಒತ್ತಿ. ಆ ಡ್ರೈವಿನಲ್ಲೇ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ್ದರೆ ಮಾತ್ರ ಎರಡು ಸಲ ಯೋಚಿಸಿ.

ಅಕ್ಷರದ ಜೊತೆಗೆ ಲೇಬಲ್ಲನ್ನೂ, ಅಂದರೆ ಡ್ರೈವಿಗೊಂದು ಹೆಸರನ್ನೂ ಹಾಕಿ. ಲೇಬಲ್ ಪಾರ್ಟಿಷನ್ ಮೇಲೇ ಬರೆದಿರುತ್ತದೆ, ಹಾಗಾಗಿ ಮೂರೂ ಕಡೆ ಒಂದೇ ಹೆಸರು ಕಾಣುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆದರೆ 32 ಅಕ್ಷರದವರೆಗೆ, ಕನ್ನಡದಲ್ಲೂ ಬರೆಯಬಹುದು. ನಾನು ‘ಕೆಲಸ’ ಅಂತಲೇ ಬರೆದಿದ್ದೇನೆ. ವಿಂಡೋಸಿನ ದಾರಿಯಲ್ಲಿ ಲೇಬಲ್ ಬರುವುದಿಲ್ಲ, ಅಕ್ಷರ ಮಾತ್ರ ಬರುತ್ತದೆ. ಅದರಿಂದ ಯೂನಿಕೋಡ್ ಕನ್ನಡ ಗೊತ್ತಿಲ್ಲದ ಪೇಜ್‌ಮೇಕರಿಗೂ ತೊಂದರೆ ಇಲ್ಲ.

ಇನ್ನೊಂದು ಕೆಲಸಕ್ಕೂ ಡಿಸ್ಕ್ ಮ್ಯಾನೇಜ್‌ಮೆಂಟ್ ಒಳ್ಳೆಯದು. ವಿಂಡೋಸ್ 10ರಲ್ಲಿ ವಿಂಡೋಸ್ 7ರ ಪಾರ್ಟಿಷನ್ನಿನ ಅಕ್ಷರವನ್ನು ರಿಮೂವ್ ಮಾಡಿದ್ದೇನೆ. ಒಳಗಿನ ಫೈಲಿಗೆ ಏನೂ ಆಗುವುದಿಲ್ಲ, ಎಕ್ಸ್‌ಪ್ಲೋರರಿನಲ್ಲಿ ಕಾಣುವುದು ನಿಲ್ಲುತ್ತದೆ ಅಷ್ಟೇ. ಕೆಲಸಕ್ಕೆ ಬರುವ ಹುಡುಗರು ತಪ್ಪಿ ಅಲ್ಲಿ ಫೈಲ್ ಸೇವ್ ಮಾಡುವ ಭಯ ಇಲ್ಲ.

ಈಗ ಆ ಒಂದು ಸ್ಟಾರ್. ರೈಟ್ ಕ್ಲಿಕ್ ಮೆನುವಿನಲ್ಲಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಸಾಲಿನ ಕೆಳಗೇ ‘ಫಾರ್ಮ್ಯಾಟ್’ ಇದೆ. ಇನ್ನೂ ಕೆಳಗೆ ‘ಡಿಲೀಟ್ ವಾಲ್ಯೂಮ್’. ಒತ್ತಿದರೆ ಕೇಳಿಯೇ ಮುಂದೆ ಹೋಗುತ್ತದೆ, ನಿಜ. ಆದರೂ ಹೆಸರು ಬದಲಿಸುವ ಕೆಲಸವನ್ನೂ ಅಳಿಸುವ ಕೆಲಸವನ್ನೂ ಇಷ್ಟು ಹತ್ತಿರ ಇಡಬಾರದಿತ್ತು. ಎರಡನೆಯದು, ಈ ಅಕ್ಷರ ಈ ವಿಂಡೋಸಿಗೆ ಮಾತ್ರ ಅನ್ನುವ ಒಂದು ಸಾಲು ಆ ಕಿಟಕಿಯಲ್ಲಿ ಎಲ್ಲೂ ಇಲ್ಲ. ಹೊಸಬರಿಗೆ ತಿಳಿಯಬೇಕಾದದ್ದೇ ಅದು ಅಲ್ವಾ? ಮತ್ತೆ ಎರಡು ಡ್ರೈವ್‌ಗಳ ಅಕ್ಷರ ಅದಲು ಬದಲು ಮಾಡಲು ನೇರ ದಾರಿ ಇಲ್ಲ. ಡಿಯನ್ನು ಝಡ್ ಮಾಡಿ, ಇಯನ್ನು ಡಿ ಮಾಡಿ, ಆಮೇಲೆ ಝಡ್ಡನ್ನು ಇ ಮಾಡಬೇಕು.

ಕಮಾಂಡ್ ಟೈಪ್ ಮಾಡುವುದು ಇಷ್ಟ ಇದ್ದವರಿಗೆ ವಿಂಡೋಸಿನದೇ ಡಿಸ್ಕ್‌ಪಾರ್ಟ್ ಇದೆ. ಲಿಸ್ಟ್ ವಾಲ್ಯೂಮ್, ಸೆಲೆಕ್ಟ್ ವಾಲ್ಯೂಮ್, ಅಸೈನ್ ಲೆಟರ್, ಅಷ್ಟರಲ್ಲಿ ಮುಗಿಯುತ್ತದೆ. ಚಿತ್ರ ಇಲ್ಲದ್ದರಿಂದ ನಾನು ಅದನ್ನು ಹುಡುಗರ ಕೈಗೆ ಕೊಡುವುದಿಲ್ಲ.

ಉಬುಂಟುವಿಗೆ ಅಕ್ಷರದ ಹಂಗೇ ಇಲ್ಲ. ಪಾರ್ಟಿಷನ್ನಿನ ಯುಯುಐಡಿಯನ್ನು (ಅದರ ಗುರುತಿನ ಸಂಖ್ಯೆ), ಯಾವ ಪಾರ್ಟಿಷನ್ ಎಲ್ಲಿ ಕೂರಬೇಕು ಅನ್ನುವ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಅದೇ ಫೋಲ್ಡರಿಗೆ ಬಂದು ಕೂರುತ್ತದೆ. ಆದರೆ ಹೊರಗಿನ ಡಿಸ್ಕಿನಲ್ಲಿ ಲಿನಕ್ಸ್ ಪಾರ್ಟಿಷನ್ ಇದ್ದರೆ ಹುಷಾರು. ವಿಂಡೋಸ್ ಅದಕ್ಕೂ ಕೆಲವು ಸಲ ಒಂದು ಅಕ್ಷರ ಕೊಟ್ಟು, ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು ಅನ್ನುತ್ತದೆ. ಕ್ಯಾನ್ಸಲ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಅಕ್ಷರ ತೆಗೆದುಬಿಡಿ.

ಇದೆಲ್ಲ ಮಾಡಿದ ಮೇಲೂ ವಿಂಡೋಸ್ 10ರ ಪವರ್ ಆಪ್ಷನ್ಸಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆಯಲೇಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಆಗ ‘ಕೆಲಸ’ ಡ್ರೈವ್ ಉಬುಂಟುವಿನಲ್ಲಿ ಓದಲು ಮಾತ್ರ ಸಿಗಬಹುದು, ಇಲ್ಲವೇ ತೆರೆಯದೇ ಇರಬಹುದು.